ಬಯಲಮ್ಮನಿಗೆ ಬಿಟ್ಟ ಹುಲ್ಲು

ಕಾಲು ಒದೀಬೇಡ, ಕಂಬಳಿ ಹೊದ್ಕೊ. ಹ್ಞೂಂ ಅಂತಿರ್ಬೇಕು ಮತ್ತೆ, ಇಲ್ಲಾಂದ್ರೆ ನಾನು ಹೇಳಾದಿಲ್ಲ.

ನಮ್ಮಜ್ಜಿಯ ಅಜ್ಜಿನೂ ಹುಟ್ಟದೇ ಇದ್ದ ಕಾಲದಾಗೆ, ಕಣ್ಣು ಹಾಯೋಗಂಟ ಹುಲ್ಲಿರೋ ಒಂದು ಕಾವಲಿತ್ತಂತೆ. ಅಲ್ಲಿ ಜಿಂಕೆ ಹಿಂಡು ನೆಗೀತಿತ್ತಂತೆ, ಕೆಂಚವ್ವ ಅನ್ನೋ ಒಂಟಿ ಹೆಂಗಸು ನಲವತ್ತು ಕುರಿ ಮೇಯಿಸ್ತಿದ್ಲಂತೆ. ಹಿಂದಿಲ್ಲ ಮುಂದಿಲ್ಲ, ಕುರಿನೇ ಅವಳ ಬದುಕು. ಹೀಗಿರ್ಬೇಕಾದ್ರೆ ಊರ ಗೌಡ ಬೊಮ್ಮಣ್ಣನಿಗೆ ಜ್ವರ ಬಂತಂತೆ. ಅವನು ಬಯಲಮ್ಮ ದೇವಿಗೆ ಹರಕೆ ಹೊತ್ತ, ತಾಯೀ ಜ್ವರ ಬಿಡಿಸು, ಕಾವಲಿನ ಹುಲ್ಲೆಲ್ಲಾ ನಿಂದೇ, ಒಂದು ಕುರಿನೂ ಬಾಯಿ ಹಾಕ್ದಂಗೆ ಕಾಯ್ತೀನಿ ಅಂತ. ಜ್ವರ ಬಿಡ್ತು. ಆಮೇಲೆ ಮೂರು ಗಂಡುಮಕ್ಕಳ ಕೈಗೆ ದೊಣ್ಣೆ ಕೊಟ್ಟು ಕೆಂಚವ್ವನ್ನ ಓಡಿಸಿಬಿಟ್ನಂತೆ! ಇವು ಸತ್ರೆ ನಾನು ಯಾರಿಗಾಗಿ ಬದುಕ್ಲಿ ಗೌಡ ಅಂತ ಅವಳು ಬಾಯಿ ಬಡ್ಕೊಂಡ್ರೂ ಕೇಳ್ಲಿಲ್ಲ, ಪಾಪಿ. ಕುರಿ ಹೊಡ್ಕೊಂಡು ಕಲ್ಲುಗುಡ್ಡಕ್ಕೆ ಹೋದ್ಲು.

ಮೊದಲನೇ ವರ್ಷ ದೊಡ್ಡ ಮಗ ನೋಡ್ಕೊಂಡು ಬಂದು, ಅಪ್ಪಾ ಹುಲ್ಲು ಎದೆಮಟ್ಟ ಅಂದ. ಗೌಡ ಮೀಸೆ ತಿರುವಿದ. ಎರಡನೇ ವರ್ಷ ನಡುವಿನ ಮಗ ಬಂದು, ಮೇಯದ ಹುಲ್ಲು ಒಣಗಿ ಚಾಪೆ ಹಾಸಿದಂಗೆ ಬಿದ್ದೈತಪ್ಪ, ಅಡಿಯಾಗಿನ ಚಿಗುರಿಗೆ ಬಿಸಿಲೇ ಇಲ್ಲ ಅಂದ. ಗೌಡ ಕಿವಿಗೆ ಹಾಕ್ಕೊಳ್ಲಿಲ್ಲ. ಮೂರನೇ ವರ್ಷ ಕಿರಿಯವನು ಏದುಸಿರು ಬಿಡ್ತಾ ಬಂದ, ಅಪ್ಪಾ ಹುಲ್ಲೇ ಇಲ್ಲ, ಬರೀ ಜಾಲಿ ಮುಳ್ಳು, ಒಂದು ಜಿಂಕೆನೂ ಇಲ್ಲ ಅಂತ! ಯಾರು ತಿಂದ್ರೋ ಅಂತ ಗೌಡ ಕೂಗಿದ. ಯಾರೂ ತಿಂದಿಲ್ಲಪ್ಪ ಅಂದ ಮಗ.

ಗೌಡ ಓಡೋಡಿ ಗುಡಿಗೆ ಬಂದ್ರೆ, ಪೂಜೆ ನಡೀವಾಗ್ಲೇ ಗೌಡನ ಹೆಂಡ್ತಿ ಮೈಮೇಲೆ ದೇವಿ ಬಂದುಬಿಟ್ಲಂತೆ! ಲೋ ಬೊಮ್ಮಾ, ಹುಲ್ಲು ನಂದು ಅಂದೆ, ನಾನೇನು ಈ ಕಲ್ಲುಬಾಯಲ್ಲಿ ಮೇಯ್ಲೇನೋ? ಕುರಿ ಬಾಯೇ ನನ್ನ ಬಾಯಿ ಕಣೋ! ಮೂರು ವರ್ಷದಿಂದ ನನ್ನನ್ನ ಉಪವಾಸ ಕೆಡವಿದ್ದೀಯಲ್ಲೋ! ಅಯ್ಯಯ್ಯೋ, ಊರಿಗೆ ಊರೇ ದಂಗಾಗಿಹೋಯ್ತಂತೆ. ಏನು, ದೇವಿ ಮೊದ್ಲೇ ಯಾಕೆ ಹೇಳ್ಲಿಲ್ಲ ಅಂತೀಯ? ಅವಳ್ನ ಯಾರು ಕೇಳಿದ್ರು!

ಆಮೇಲೆ ಗೌಡ ಬರಿಗಾಲಲ್ಲಿ ಕಲ್ಲುಗುಡ್ಡ ಹತ್ತಿದ. ನಲವತ್ತರಲ್ಲಿ ಉಳಿದಿದ್ದು ಏಳೇ ಏಳು ಕುರಿ ಕೂಸೇ! ಅವನು ಕೈಮುಗಿದು, ಕಾವಲಿಗೆ ವಾಪಸ್ ಬಾರವ್ವ ಅಂದ. ಕೆಂಚವ್ವ ಅಂದ್ಲಂತೆ, ಬರ್ತೀನಿ ಗೌಡ, ಆದ್ರೆ ಕಾವಲಿಗೆ ಕುರಿ ಯಾವಾಗ ಬಿಡ್ಬೇಕು, ಯಾವಾಗ ಹೊರಗೆ ಹೊಡೀಬೇಕು ಅನ್ನೋದು ನನ್ನ ಮಾತು, ನಿಂದಲ್ಲ. ಆಗ್ಲವ್ವ ಅಂದ ಗೌಡ ತನ್ನ ರೊಪ್ಪದಾಗೆ ಕೂಡಿ ಸಾಕಿದ್ದ ಕುರಿಗಳ್ನೆಲ್ಲಾ ಅವಳ ಹಿಂಡಿಗೆ ಸೇರಿಸಿ, ಮಕ್ಕಳ ಕೈಲಿ ಜಾಲಿ ಕಡಿಸಿದ. ಕುರಿ ಮೇದ್ವು, ತುಳಿದ್ವು, ಹಿಕ್ಕೆ ಹಾಕಿದ್ವು. ಮಳೆ ಬಿದ್ದದ್ದೇ ಚಿಗುರು ಎದ್ದಿತಂತೆ, ಜಿಂಕೆನೂ ಬಂದ್ವಂತೆ.

ಆ ವರ್ಷ ಬಯಲಮ್ಮನಿಗೆ ಎಡೆ ಇಡೋ ದಿನ ಊರೆಲ್ಲಾ ಗುಡಿ ಬಾಗಿಲಲ್ಲಿ ಕಾಯ್ತಿದ್ರೆ, ಗೌಡ ಎಡೆ ಹೊತ್ಕೊಂಡು ಗುಡಿ ದಾಟಿ ಕಾವಲಿಗೆ ನಡೆದು, ಮಂಡಿಯೂರಿ, ಕೆಂಚವ್ವನ ಕುರಿ ಬಾಯಿಗೆ ಇಟ್ನಂತೆ.

ಕುರಿ ರೊಪ್ಪ ಸೇರಿದ್ವು, ನನ್ನ ಕತೆನೂ ರೊಪ್ಪ ಸೇರ್ತು. ಕಣ್ಣು ಮುಚ್ಚು.