ಬಡಿಸುವವನಿಗೆ ಬಡಿಸುವವರು ಯಾರು?

“ಕೇಳಿರಯ್ಯಾ ಕೇಳಿ! ರಾಜಕುಮಾರಿ ಪದುಮಲೆ ಮೂರು ಒಗಟು ಒಡ್ಡುತ್ತಾಳೆ. ಬಿಡಿಸಿದವನು ಅರಸನ ಅಳಿಯ, ತಪ್ಪಿದವನ ತಲೆ ಉಳಿಯದು!” ಎಂದು ಚಿತ್ರಗಿರಿಯಲ್ಲಿ ಡಂಗುರ ಸಾರಿದರು.

ಪದುಮಲೆಗೆ ಗಣಗಳ ಹುಚ್ಚು. ಯಾವುದು ಒಳಗೆ, ಯಾವುದು ಹೊರಗೆ ಎಂದು ಖಚಿತವಾಗಿ ಹೇಳಬಹುದಾದರೆ ಆ ಗುಂಪು ಅವಳಿಗೊಂದು ಗಣ. ಆನೆಗಳ ಗಣ, ನಕ್ಷತ್ರಗಳ ಗಣ, ಸೋತ ವರರ ಗಣ. ಈ ಕೊನೆಯ ಗಣವನ್ನು ಸಭೆಯ ಕಂಬಗಳಿಗೆ ಕಟ್ಟಿಹಾಕಿದ್ದರು. ಸಂಜೆಗೆ ಎಲ್ಲರ ತಲೆ ಹಾರಬೇಕು. ಔತಣಗಳಲ್ಲಿ ಬಡಿಸುವ ಮಾಸಣ್ಣನೂ ಆಸೆಗೆ ಬಿದ್ದು ಅದರಲ್ಲಿ ಸೇರಿದ್ದ. ತಾಯಿಯಿಲ್ಲದ ತನ್ನನ್ನು ಸಾಕಿದ ಆ ಅಣ್ಣನನ್ನು ಉಳಿಸಿಕೊಳ್ಳಲು ತಮ್ಮ ಈರಬೊಮ್ಮ ಬಂದ. ಅವನದೂ ಬಡಿಸುವ ಕಸುಬೇ.

ಅವನಿಗಿಂತ ಮುಂದೆ ಒಬ್ಬ ಪಾಳೆಯಗಾರ ನಿಂತಿದ್ದ.

“ಎಲ್ಲ ಗಣಗಳ ಒಳಗೂ ಅಡಗಿರುವ ಗಣ ಯಾವುದು?” ಎಂದಳು ಪದುಮಲೆ.

“ಗಾಳಿ!” ಎಂದು ಪಾಳೆಯಗಾರ ಮೀಸೆ ತಿರುವಿದ. ಮೀಸೆ ತಿರುವಿದ ಕೈಯನ್ನೇ ಭಟರು ಕಂಬಕ್ಕೆ ಕಟ್ಟಿದರು.

ಈರಬೊಮ್ಮ ಕೈಮುಗಿದ. “ಊಟಕ್ಕೆ ಊರಿನವರನ್ನೆಲ್ಲ ಕರೀಬಹುದು, ಕೆಲವರನ್ನಷ್ಟೇ ಕರೀಬಹುದು, ಅಮ್ಮಣ್ಣೀ. ಜಿಪುಣ ಯಾರನ್ನೂ ಕರೆಯಲ್ಲ, ಅವನ ಪಂಕ್ತಿ ಖಾಲಿ. ಆ ಖಾಲಿ ಪಂಕ್ತಿ ಯಾವ ಊರಲ್ಲಾದ್ರೂ ಸಿಗುತ್ತೆ. ಏನೂ ಇಲ್ಲದ ಗಣವೇ ಉತ್ತರ.”

“ಸರಿ. ಎಣಿಸಲು ಬಾರದವನು ಎರಡು ಗಣ ಸಮವೆಂದು ಹೇಗೆ ತಿಳಿದಾನು?” ಎಂದು ಪದುಮಲೆ ಎರಡನೆಯದನ್ನು ಒಡ್ಡಿದಳು.

“ಎಣಿಸೋಕೆ ನನಗೂ ಬರಲ್ಲ. ಒಬ್ಬೊಬ್ಬರಿಗೆ ಒಂದೊಂದು ಎಲೆ ಹಾಕ್ತೀನಿ. ಎಲೆ ಮಿಗಬಾರದು, ಜನ ನಿಂತಿರಬಾರದು. ಅಲ್ಲಿಗೆ ಎರಡೂ ಸಮ.”

ಪದುಮಲೆ ನಕ್ಕಳು. “ಒಂದು ಅರಮನೆಯಲ್ಲಿ ಒಬ್ಬ ಬಾಣಸಿಗ. ಅವನು ಅಲ್ಲಿ ತಾವೇ ಬಡಿಸಿಕೊಳ್ಳದವರಿಗೆಲ್ಲ ಬಡಿಸುತ್ತಾನೆ, ತಾವೇ ಬಡಿಸಿಕೊಳ್ಳುವವರಿಗೆ ಬಡಿಸುವುದಿಲ್ಲ. ಅವನೂ ಅರಮನೆಯವನೇ. ಅವನಿಗೆ ಬಡಿಸುವವರು ಯಾರು?”

ಬಡಿಸಿದವರು ಕೊನೆಯ ಪಂಕ್ತಿಗೆ ಕೂರುವುದು, ಉಂಡೆದ್ದವರು ಅವರಿಗೆ ಬಡಿಸುವುದು ಆ ಕಸುಬಿನ ರೂಢಿ. ಈರಬೊಮ್ಮ ಅದನ್ನೇ ಹೇಳಲು ಬಾಯಿ ತೆರೆದ.

“ಲೇ, ಉಂಡೆದ್ದವರು ಅನ್ನಬೇಡ್ವೋ! ಅದನ್ನೇ ಹೇಳಿ ನಾನು ಕೆಟ್ಟೆ!” ಎಂದು ಮಾಸಣ್ಣ ಕಂಬದಿಂದಲೇ ಕೂಗಿದ. ಭಟನೊಬ್ಬ ಅವನ ಬಾಯಿ ಮುಚ್ಚಿದ.

ಈರಬೊಮ್ಮ ತಲೆ ಕೆರೆದುಕೊಂಡ. “ಬೇರೆಯವರು ಬಡಿಸಿದ್ರೆ ಅವನು ತಾನೇ ಬಡಿಸಿಕೊಳ್ಳದವನಾದ. ಹಾಗಾದ್ರೆ ಅವನಿಗೆ ಅವನೇ ಬಡಿಸಬೇಕು. ತಾನೇ ಬಡಿಸಿಕೊಂಡ್ರೆ ಬಡಿಸಲೇಬಾರದು! ಅಂಥ ಬಾಣಸಿಗ ಯಾವ ಅರಮನೇಲೂ ಇರೋಕಾಗಲ್ಲ, ಅಮ್ಮಣ್ಣೀ.”

“ಸರಿ! ಗಣವೂ ಆ ಬಾಣಸಿಗನ ಹಾಗೆಯೇ, ಬಾಯಲ್ಲಿ ನಿಯಮ ಹೇಳಿದ ಮಾತ್ರಕ್ಕೆ ಹುಟ್ಟಿಬಿಡುವುದಿಲ್ಲ. ಇದನ್ನು ಹೇಳುವವರಿಗಾಗಿಯೇ ಕಾದಿದ್ದೆ” ಎಂದು ಪದುಮಲೆ ಹಾರ ಎತ್ತಿದಳು.

ಈರಬೊಮ್ಮ ಹಿಂದೆ ಸರಿದ. “ಮೊದಲು ಅಣ್ಣನ ಹಗ್ಗ ಬಿಚ್ಚಿಸಿ. ಅವನಿಲ್ಲದೆ ಈ ಹಾರ ಹಾಕ್ಕೊಂಡು ಏನು ಮಾಡಲಿ?”

ಅರಸನ ಕಣ್ಣು ಒದ್ದೆಯಾಯಿತು. “ಎಲ್ಲರನ್ನೂ ಬಿಡಿ” ಎಂದ. ಮಾಸಣ್ಣನ ಗಂಟನ್ನು ಪದುಮಲೆಯೇ ಬಿಚ್ಚಿದಳು. ಅವನು ತಮ್ಮನನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತ.

ಆಮೇಲೆ ಹಾರವೂ ಬಿತ್ತು, ಅರ್ಧ ರಾಜ್ಯವೂ ಬಂತು. ಪುರೋಹಿತರು ಎಷ್ಟು ಗೊಣಗಿದರೂ ಈರಬೊಮ್ಮ ಕೇಳಲಿಲ್ಲ. ಒಂದು ಕೈಯಲ್ಲಿ ಮದುವಣಗಿತ್ತಿಯನ್ನು, ಇನ್ನೊಂದರಲ್ಲಿ ಅಣ್ಣನನ್ನು ಹಿಡಿದುಕೊಂಡೇ ಸಪ್ತಪದಿ ತುಳಿದ.