ನಕ್ಷತ್ರದ ಪಕ್ಕದ ಗೆರೆ

ಶಿಷ್ಯ ರುದ್ರಮುನಿ ಒಂದು ಬೆಳಿಗ್ಗೆ ಗುರುಗಳ ಮುಂದೆ ಕೂತು ಕೇಳಿದ: "ಬುದ್ಧಿ, ಈ ಸಲದ ಪ್ರವಚನಕ್ಕೆ ಚನ್ನವೀರನನ್ನು ಕಳಿಸುತ್ತೀರಂತೆ. ಅವನೂ ನಾನೂ ತಮ್ಮ ಬಳಿಯೇ ಕಲಿತವರು. ಆದರೆ ಅವನ ಮಾತಿನಲ್ಲಿ ಒಂದು ತಪ್ಪಿದೆ. ಅದನ್ನು ಊರವರಿಗೆ ಮೊದಲೇ ತಿಳಿಸಿದರೆ ಪಾಪವೇ?"

ಗುರುಗಳು ಪಾಪವೆಂದೂ ಹೇಳಲಿಲ್ಲ, ಪುಣ್ಯವೆಂದೂ ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಅಕ್ಕಸಾಲಿಗನಿದ್ದ. ಅವನಿಗೊಬ್ಬ ಬಟ್ಟೆ ವ್ಯಾಪಾರಿ ಸ್ನೇಹಿತ. ಇಬ್ಬರಿಗೂ ಒಂದೇ ಹುಚ್ಚು. ಅಮೆರಿಕದ ಹಳೆಯ ಚಿನ್ನದ ನಾಣ್ಯಗಳನ್ನು ಕೂಡಿಡುವ ಹುಚ್ಚು. ಕೂಡಿಡುವುದು ಎಂದರೆ ಕರಗಿಸಿ ಒಡವೆ ಮಾಡುವುದಕ್ಕಲ್ಲ, ಮಾರುವುದಕ್ಕೂ ಅಲ್ಲ. ಮುತ್ತಜ್ಜಂದಿರ ಕಾಲದಲ್ಲಿ, ಸಮುದ್ರದ ಆಚೆ, ಯಾರೋ ಒತ್ತಿದ ಅಚ್ಚು ಇವತ್ತು ನಮ್ಮ ಅಂಗೈ ಮೇಲೆ ಇದೆಯಲ್ಲ ಎಂಬ ಸಂತೋಷಕ್ಕೆ.

ಅವರ ಬಳಿ ಇದ್ದವುಗಳಲ್ಲಿ ಎರಡು ನಾಣ್ಯಗಳು ಬಹಳ ಅಪರೂಪದವು. ಒಂದು ಬದಿಗೆ ಹೆಂಗಸಿನ ಮುಖ, ಸುತ್ತ ನಕ್ಷತ್ರಗಳು. ಇನ್ನೊಂದು ಬದಿಗೆ ರೆಕ್ಕೆ ಬಿಚ್ಚಿದ ಹದ್ದು. ಎರಡರ ಮೇಲೂ ಒಂದೇ ಇಸವಿ. ಬಂದರಿನ ಒಬ್ಬ ಮುದುಕನಿಂದ ಇಬ್ಬರೂ ಒಂದೇ ದಿನ, ಒಂದೇ ಕಟ್ಟೆಯ ಮೇಲೆ ಕೂತು, ತಲೆಗೊಂದರಂತೆ ಕೊಂಡಿದ್ದರು. ಆದ್ದರಿಂದ ಒಂದು ಹೆಚ್ಚು, ಒಂದು ಕಡಿಮೆ ಎನ್ನುವ ಮಾತೇ ಇರಲಿಲ್ಲ.

ಆದರೂ ಅಕ್ಕಸಾಲಿಗನ ಹೊಟ್ಟೆಯಲ್ಲಿ ಕಿಚ್ಚು ಹತ್ತಿತು. ಹೇಗೆ ಹತ್ತಿತು ಎಂದರೆ, ಬಟ್ಟೆ ವ್ಯಾಪಾರಿ ನಗುಮುಖದವನು. ಅಂಗಡಿಗೆ ಬಂದವರಿಗೆಲ್ಲ ಕಾಫಿ ತರಿಸಿ, ನಾಣ್ಯವನ್ನು ಕೈಗೇ ಕೊಟ್ಟು ತೋರಿಸುತ್ತಿದ್ದ. ಅಕ್ಕಸಾಲಿಗ ತನ್ನದನ್ನು ತಿಜೋರಿಯಲ್ಲಿ ಇಟ್ಟಿದ್ದ. ಹೀಗಾಗಿ ಓಲೆ ಕೊಳ್ಳಲು ಬಂದವರು ಅಕ್ಕಸಾಲಿಗನನ್ನೇ ಕೇಳುತ್ತಿದ್ದರು, "ನಿಮ್ಮ ಸ್ನೇಹಿತರ ಹತ್ತಿರ ಹದ್ದಿನ ನಾಣ್ಯ ಇದೆಯಂತಲ್ಲ, ನೋಡಿದ್ದೀರಾ?"

"ನನ್ನ ಹತ್ತಿರವೂ ಇದೆ," ಎನ್ನುತ್ತಿದ್ದ.

"ಹೌದೇ," ಎಂದು ಅವರು ಓಲೆಯ ಕಡೆ ತಿರುಗುತ್ತಿದ್ದರು.

ಇದರ ಮೇಲೆ ಬಟ್ಟೆ ವ್ಯಾಪಾರಿಯ ತಮಾಷೆ ಬೇರೆ. "ಏನಯ್ಯ, ನಿನ್ನ ಹದ್ದು ತಿಜೋರಿಯಲ್ಲಿ ಮೊಟ್ಟೆ ಇಟ್ಟಿತೋ ಇಲ್ಲವೋ?" ಸುತ್ತಲಿದ್ದವರು ನಗುತ್ತಿದ್ದರು. ಅಕ್ಕಸಾಲಿಗನೂ ನಗುತ್ತಿದ್ದ. ಆ ನಗು ಮನೆಗೆ ಹೋಗುವ ದಾರಿಯಲ್ಲಿ ಮುಳ್ಳಾಗುತ್ತಿತ್ತು. ಬರುಬರುತ್ತ ಅವನು ತನ್ನ ನಾಣ್ಯವನ್ನು ತೆಗೆದು ನೋಡುವುದನ್ನೇ ಬಿಟ್ಟ. ಸ್ನೇಹಿತನದನ್ನು ಮಾತ್ರ ನೋಡಿ ನೋಡಿ ಕಣ್ಣಲ್ಲೇ ಸವೆಸಿದ.

ಹೀಗಿರುವಾಗ ನಗರದ ವಸ್ತುಸಂಗ್ರಹಾಲಯದವರು ಹಳೆಯ ನಾಣ್ಯಗಳ ಪ್ರದರ್ಶನ ಏರ್ಪಡಿಸಿದರು. ಊರಿಗೊಂದು ನಾಣ್ಯ ಕಳಿಸಬಹುದು, ಗಾಜಿನ ಪೆಟ್ಟಿಗೆಯಲ್ಲಿ ಅದರ ಕೆಳಗೆ ಒಡೆಯನ ಹೆಸರು ಬರೆದಿಡುತ್ತೇವೆ ಎಂದರು. ಊರಿನ ಹಿರಿಯರು ಬಟ್ಟೆ ವ್ಯಾಪಾರಿಯ ನಾಣ್ಯವನ್ನೇ ಆರಿಸಿದರು. ಯಾಕೆಂದರೆ ಅವರು ಕಂಡಿದ್ದು ಅದೊಂದನ್ನೇ. ಕಳಿಸುವ ಮೊದಲು ಬಲ್ಲವನ ಕಣ್ಣಿಗೆ ಬೀಳಲಿ ಎಂದು ಅಕ್ಕಸಾಲಿಗನನ್ನು ಕರೆದರು.

ಅವನು ಭೂತಗನ್ನಡಿ ಹಿಡಿದು ನೋಡಿದ. ಒಂದು ನಕ್ಷತ್ರದಿಂದ ಹೆಂಗಸಿನ ಮುಡಿಯವರೆಗೆ ಕೂದಲೆಳೆಯಂಥ ಒಂದು ಗೆರೆ ಉಬ್ಬಿತ್ತು. ಅದು ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಚ್ಚು ಬಿರುಕು ಬಿಟ್ಟರೆ, ಆ ಬಿರುಕು ಆಮೇಲೆ ಒತ್ತಿದ ನಾಣ್ಯಗಳ ಮೇಲೆಲ್ಲ ಗೆರೆಯಾಗಿ ಮೂಡುತ್ತದೆ. ಅವನೇ ತಾಳಿಯ ಅಚ್ಚುಗಳಲ್ಲಿ ಇಂಥದ್ದನ್ನು ಎಷ್ಟೋ ಸಲ ಕಂಡಿದ್ದ. ಅದು ಕುಂದಲ್ಲ, ನಿಜವಾದ ಅಚ್ಚಿನ ಗುರುತು.

ಆದರೆ ನಾಲಿಗೆ ಬೇರೆ ಹೇಳಿತು. "ಚಿನ್ನವೇನೋ ಸರಿ. ಒಳ್ಳೆಯ ಚಿನ್ನದಲ್ಲೇ ನಕಲಿ ಒತ್ತುವವರಿದ್ದಾರೆ. ಈ ಗೆರೆ ನೋಡಿ. ಅಮೆರಿಕದ ಟಂಕಸಾಲೆಯವರು ಇಂಥ ಕೆಲಸ ಮಾಡುತ್ತಾರೆಯೇ?"

ಹಿರಿಯರು ಒಬ್ಬೊಬ್ಬರಾಗಿ ಭೂತಗನ್ನಡಿ ಹಿಡಿದು ಗೆರೆ ನೋಡಿದರು. ಎಲ್ಲರಿಗೂ ಕಂಡಿತು. ಬಟ್ಟೆ ವ್ಯಾಪಾರಿ ಸ್ನೇಹಿತನ ಮುಖ ನೋಡಿದ, ಬಲ್ಲವನೇ ಹೇಳಿದ ಮೇಲೆ ಇನ್ನೇನು ಎಂದು ನಾಣ್ಯವನ್ನು ಸುಮ್ಮನೆ ಜೇಬಿಗೆ ಹಾಕಿಕೊಂಡ.

"ಹಾಗಾದರೆ ನಿಮ್ಮದನ್ನೇ ತನ್ನಿ," ಎಂದರು ಹಿರಿಯರು.

ಅಕ್ಕಸಾಲಿಗ ಬಯಸಿದ್ದೂ ಅದನ್ನೇ. ಮನೆಗೆ ಓಡಿ, ತಿಜೋರಿ ತೆಗೆದು, ರೇಷ್ಮೆ ಚೀಲವನ್ನು ಬಿಚ್ಚದೆಯೇ ತಂದು ಕೊಟ್ಟ. ಒಬ್ಬ ಹಿರಿಯ ಈಗಷ್ಟೇ ಕಲಿತ ವಿದ್ಯೆಯ ಹುರುಪಿನಲ್ಲಿ ಭೂತಗನ್ನಡಿಯನ್ನು ನೇರವಾಗಿ ನಕ್ಷತ್ರದ ಪಕ್ಕಕ್ಕೆ ಹಿಡಿದ.

"ಇಲ್ಲೂ ಇದೆಯಲ್ಲ ಗೆರೆ," ಎಂದ.

ಇರಲೇಬೇಕಿತ್ತು. ಎರಡೂ ಒಂದೇ ಅಚ್ಚಿನ ಕೆಳಗೆ ಬಿದ್ದ ನಾಣ್ಯಗಳು. ತನ್ನದನ್ನು ತೆಗೆದು ನೋಡದೆ ಎಷ್ಟೋ ಕಾಲವಾಗಿದ್ದ ಅಕ್ಕಸಾಲಿಗ ಅದನ್ನೇ ಮರೆತಿದ್ದ.

ಆಗ ಬಟ್ಟೆ ವ್ಯಾಪಾರಿ ಎದ್ದು ನಿಂತ. "ಯಜಮಾನರೇ, ನನ್ನದು ಹೇಗೋ ನಾನರಿಯೆ. ಇವನದು ಅಸಲಿ. ಕೊಂಡಾಗ ನಾನೇ ಪಕ್ಕದಲ್ಲಿದ್ದೆ."

ಹಿರಿಯರು ನಕ್ಕರು. "ಚೆನ್ನಾಯಿತು. ನಕಲಿ ಇಟ್ಟುಕೊಂಡವನೇ ಅಸಲಿಗೆ ಸಾಕ್ಷಿಯೇ? ಕೂತುಕೋಪ್ಪ."

ಅಕ್ಕಸಾಲಿಗನಿಗೆ ಇನ್ನೂ ಒಂದು ದಾರಿ ಇತ್ತು. "ಗೆರೆ ಅಚ್ಚಿನದು. ಎರಡೂ ಅಸಲಿ. ನಾನು ಸುಳ್ಳು ಹೇಳಿದೆ." ಮೂರೇ ಮಾತು. ಮೊದಲ ಎರಡನ್ನು ಆಡಬಹುದಿತ್ತು, ಆದರೆ ಮೂರನೆಯದು ಇಲ್ಲದೆ ಅವನ್ನು ಯಾರೂ ನಂಬುತ್ತಿರಲಿಲ್ಲ. ಮೂರನೆಯದನ್ನು ಆಡಲು ಅವನಿಂದಾಗಲಿಲ್ಲ. ಅವನು ನಾಣ್ಯವನ್ನು ಚೀಲಕ್ಕೆ ಹಾಕಿಕೊಂಡು ತಲೆ ತಗ್ಗಿಸಿ ಹೊರಟ. ಆ ಊರಿನ ಹೆಸರಿನ ಗಾಜಿನ ಪೆಟ್ಟಿಗೆ ಪ್ರದರ್ಶನ ಮುಗಿಯುವವರೆಗೂ ಖಾಲಿ ಇತ್ತು.

ಗುರುಗಳು ಕತೆ ನಿಲ್ಲಿಸಿದರು.  ಆಮೇಲೆ ಮೆಲ್ಲಗೆ ಕೇಳಿದರು:

"ಈಗ ಹೇಳಪ್ಪ, ನಿನ್ನ ಹಾಗೆ ನನ್ನ ಬಳಿಯೇ ಕಲಿತ ಚನ್ನವೀರನಲ್ಲಿ ನೀನು ಕಂಡ ತಪ್ಪು ಯಾವುದು?"