ಅಜ್ಜನ ಕೊರಳಿನ ಗಂಟು

ಮಲಪ್ರಭೆಯ ದಡದ ಆಶ್ರಮದಲ್ಲಿ ನಿರ್ವಾಣಜ್ಜನೆಂಬ ಗುರುವಿದ್ದ. ತನ್ನ ಮಾತುಗಳನ್ನು ಯಾರೂ ಬರೆದಿಡಕೂಡದೆಂದು ಅವನ ಕಟ್ಟಪ್ಪಣೆ. ಶಿಷ್ಯರು ಕೇಳಿಯೇ ಕಲಿಯಬೇಕು.

ಹೊರಗೆ ಹೋಗಿ ಹೊಸ ಆಶ್ರಮ ಕಟ್ಟುವ ಶಿಷ್ಯ, ಕಲಿತದ್ದನ್ನೆಲ್ಲ ಮೊದಲು ಅಜ್ಜನ ಎದುರು ಒಪ್ಪಿಸಬೇಕಿತ್ತು. ಒಂದು ಮಾತು ತಪ್ಪಿದರೂ ಅಜ್ಜ ತಲೆ ಅಲ್ಲಾಡಿಸುತ್ತಿದ್ದ. ಶಿಷ್ಯ ಇನ್ನೊಂದು ವರ್ಷ ಹೊಳೆಯಿಂದ ನೀರು ಹೊರುತ್ತಿದ್ದ.

ಅಜ್ಜನ ಕೊರಳಲ್ಲಿ ಗಂಟು ಕಾಣಿಸಿಕೊಂಡಾಗ ಆಶ್ರಮದ ಉಸ್ತುವಾರಿ ಹಿರಿಯ ಶಿಷ್ಯ ಚೆನ್ನಮಲ್ಲನಿಗೆ ಬಂತು. ಅಜ್ಜ ಹೋಗುವುದರೊಳಗೆ ಅಜ್ಜನ ಹೆಸರು ನಾಡೆಲ್ಲ ಹಬ್ಬಬೇಕೆಂಬ ಅವಸರ ಅವನದು. ಒಪ್ಪಿಸುವ ಪದ್ಧತಿಯನ್ನು ಕೈಬಿಟ್ಟ. ಕೇಳಿದವರಿಗೆಲ್ಲ ಶಾಖೆ ಕೊಟ್ಟ. ಆ ಶಾಖೆಗಳು ಮತ್ತೆ ಶಾಖೆ ತೆರೆದವು. ಎಲ್ಲ ಕಡೆ ಅಜ್ಜನ ದೊಡ್ಡ ಫೋಟೊ, ಪಕ್ಕದಲ್ಲಿ ಚೆನ್ನಮಲ್ಲನದೂ ಒಂದು.

ಪ್ರೀತಿಯಿಂದಲೇ ಮಾಡಿದ, ಅನ್ನಿ. ಹೊಟ್ಟೆ ಉರಿಯುವುದು ಅದಕ್ಕೇ.

ಒಂದು ಬೆಳಿಗ್ಗೆ ಚೆನ್ನಮಲ್ಲ ಅಜ್ಜನ ತಪಾಸಣೆಯ ವರದಿ ಕೇಳಿಕೊಂಡು ಆಸ್ಪತ್ರೆಯಿಂದ ಬಂದು ಅಜ್ಜನ ಕಾಲ ಬಳಿ ಕೂತ.

“ಡಾಕ್ಟ್ರು ಏನಂದ್ರೋ ತಮ್ಮಾ?”

“ಗಂಟು ಎದಿಗೂ ಹಬ್ಬೇತಂತ್ರಿ ಅಜ್ಜಾರ.”

“ಹೆಂಗ ಹಬ್ಬತೈತಿ ಅದು?”

“ಮೈಯಾಗಿನ ಜೀವಕೋಶ ಬೆಳೀತೈತಂತ್ರಿ. ತನ್ನೊಳಗ ಇದ್ದದ್ದನ್ನೆಲ್ಲಾ ನಕಲು ಮಾಡ್ಕೊತೈತಿ. ನಕಲು ಸರಿ ಐತೋ ಇಲ್ಲೋ ನೋಡ್ಕೊತೈತಿ. ಆಮ್ಯಾಲೆ ಒಡದು ಎರಡಾಗತೈತಿ.”

“ನಕಲು ತಪ್ಪಿದ್ರ?”

“ನಿಂತು ತಿದ್ಕೊತೈತಿ. ತಿದ್ದಾಕ ಆಗದಿದ್ರ ತಾನಾಗೇ ಸಾಯತೈತಂತ್ರಿ.”

“ನನ್ನ ಕೊರಳಾಗಿನವು?”

“ಅವು ನೋಡೂದು ಬಿಟ್ಟಾವ್ರಿ. ತಪ್ಪಿದ್ರೂ ಒಡೀತಾವ. ಸಾಯೂ ಹೊತ್ತಿಗೆ ಸಾಯೂದಿಲ್ಲ.”

“ತಾವು ಕೆಟ್ಟೀವಂತ ಅವಕ್ಕ ಗೊತ್ತೈತೇನು?”

“ಇಲ್ರಿ. ಬೆಳ್ಯಾಕತ್ತೀವಿ ಅಂತ ತಿಳಿದಿರಬೇಕು.”

ಅಜ್ಜ ಕೊರಳಿನ ಗಂಟನ್ನು ಬೆರಳಿಂದ ಮುಟ್ಟಿ ನೋಡಿಕೊಂಡ.

ಅಷ್ಟರಲ್ಲಿ ಹೊನ್ನವ್ವ ಬಾಗಿಲಿಗೆ ಬಂದಳು. ಆಶ್ರಮದ ಪಾತ್ರೆ ತೊಳೆಯುತ್ತಲೇ ಮುದುಕಿಯಾದವಳು. ಮಗಳ ಊರಿಗೆ ಹೋಗಿ ಆಗಷ್ಟೇ ಮರಳಿದ್ದಳು.

“ಅಜ್ಜಾರ, ನನ್ನಿಂದ ಏನ್ ತಪ್ಪಾತ್ರಿ?”

“ಯಾಕವ್ವಾ?”

“ಅಲ್ಲಿ ನಿಮ್ಮ ಶಾಖೆಗೆ ಹೋಗಿದ್ದೆ. ಊಟದ ಸಾಲಿನಾಗಿಂದ ಎಬ್ಬಿಸಿದ್ರು. ನಿಮ್ಮ ಜಾತಿಯವ್ರಿಗೆ ದನದ ಕೊಟ್ಟಿಗಿ ಕಡೆ ಹಾಕ್ತೀವಿ, ಅಜ್ಜಾರ ಅಪ್ಪಣಿ ಐತಿ ಅಂದ್ರು.”

ಅಜ್ಜ ಜೀವಮಾನವಿಡೀ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂಡಿಸಿದವನು. ಆ ಸಾಲಿಗಾಗಿ ಕಲ್ಲೇಟು ತಿಂದವನು. ಅವನ ಕಣ್ಣಲ್ಲಿ ನೀರು ಬಂತು.

“ಚೆನ್ನಮಲ್ಲಾ, ಆ ಶಾಖೆಯವನ ಪಾಠ ಯಾರು ಒಪ್ಪಿಸಿಕೊಂಡ್ರೋ?”

“ಯಾರೂ ಇಲ್ರಿ. ಅವನನ್ನ ಕಳಿಸಿದವನ ಪಾಠಾನೂ ಯಾರೂ ಕೇಳಿಲ್ರಿ.”

ಅಜ್ಜ ಹೊನ್ನವ್ವನನ್ನು ಮಗ್ಗುಲಲ್ಲಿ ಕೂಡಿಸಿಕೊಂಡ. ತನಗಾಗಿ ತಂದಿಟ್ಟಿದ್ದ ಗಂಜಿಯ ಬಟ್ಟಲನ್ನು ಅವಳ ಕೈಗೆ ಕೊಟ್ಟ. ಅವನ ಗಂಟಲಲ್ಲಿ ಹೇಗೂ ಅದು ಇಳಿಯುತ್ತಿರಲಿಲ್ಲ.

ಅವಳು ಉಂಡು ಬಟ್ಟಲು ಕೆಳಗಿಟ್ಟಳು.

“ಎಲ್ಲಾ ಶಾಖೆ ಮುಚ್ಚಿಸು,” ಎಂದ ಅಜ್ಜ.

ಚೆನ್ನಮಲ್ಲ ಅವನ ಕಾಲು ಹಿಡಿದ.

“ಅಷ್ಟು ಮಾತ್ರ ಹೇಳಬ್ಯಾಡ್ರಿ ಅಜ್ಜಾರ. ಒಬ್ಬೊಬ್ಬರನ್ನ ಕರೆದು ಬುದ್ಧಿ ಹೇಳ್ತೀನಿ. ಎಲ್ಲಾ ಮುಚ್ಚಿದ್ರ ನಿಮ್ಮ ಹೆಸರ ಸತ್ತು ಹೋಗತೈತಿ.”

ಅಜ್ಜ ಕಾಲು ಹಿಂದಕ್ಕೆಳೆದುಕೊಂಡ.

“ಸಾಯ್ಲಿ ಬಿಡೋ. ಸಾಯಾಕ ಒಲ್ಲೆ ಅಂದದ್ದ ಅಲ್ಲೇನು, ಈಗ ನನ್ನನ್ನ ತಿನ್ನಾಕತ್ತಿದ್ದು?”